ಬೋಟಿನ ಹೊಟ್ಟೆಯ ನೀರು

ಬೆರಳು ಅದ್ದಿ ನಾಲಗೆಗೆ ಹಚ್ಚಿ ನೋಡುವುದು. ಕಡಲಿನ ಮೇಲೆ ನಾವು ಕಲಿತ ಮೊದಲ ಪಾಠ ಇದು. ಬೋಟಿನ ಅಡಿಹೊಟ್ಟೆಯಲ್ಲಿ ನಿಂತ ನೀರು ಸಪ್ಪಗಿದ್ದರೆ ಅದು ಐಸು ಕರಗಿ ಇಳಿದದ್ದು, ಹೆದರಬೇಕಾಗಿಲ್ಲ. ಉಪ್ಪಾಗಿದ್ದರೆ ಕಡಲು ಒಳಗೆ ಬರುತ್ತಿದೆ, ಎಲ್ಲಿಂದ ಅಂತ ಹುಡುಕಬೇಕು. ಎರಡೂ ಬೆರೆತೇ ಇರುತ್ತವೆ. ಯಾವುದು ಹೆಚ್ಚು ಅಂತ ನಾಲಗೆ ಹೇಳಬೇಕು. ಡೀಸೆಲ್ಲು, ಗ್ರೀಸು, ಕೊಳೆತ ಮೀನಿನ ಲೋಳೆ ಎಲ್ಲ ಕೂಡಿದ ಕರೀ ನೀರು ಅದು. ಮೊದಲ ಸಲ ಹಚ್ಚಿ ನೋಡಿದ ದಿನ ನಮ್ಮಲ್ಲಿ ಕಿರಿಯವನು ಅನ್ನ ಉಣ್ಣಲಿಲ್ಲ. ತಂಡೇಲರು ನಕ್ಕರು. 'ಕಡಲಿಗೆ ಬಂದ ಮೇಲೆ ನಾಲಗೆಯೇ ಮೀಟರು ಮಾರಾಯ' ಅಂದರು.

ನಾವು ಮೂವರು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯವರು. ಮಸಾರಿ ನೆಲದವರು. ಮಳೆ ಬಂದರೆ ಸಜ್ಜೆ, ಬಾರದಿದ್ದರೆ ಬಸ್ಸು. ಆ ಕಡೆಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತವರನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಬುಟ್ಟಿ, ಸಲಿಕೆ, ಹಾಸಿಗೆ ಗಂಟು ನೋಡಿದರೆ ಸಾಕು. ಕಟ್ಟಡದ ಕೆಲಸಕ್ಕೆ ಅಂತ ಹೊರಟವರು ನಾವು. ಅಲ್ಲಿ ಕೂಲಿ ಸರಿಯಾಗಿ ಸಿಗದೆ ಉದ್ಯಾವರ ಹೊಳೆ ಕಡಲು ಸೇರುವ ಮಲ್ಪೆಯ ಬಂದರಿಗೆ ಬಂದೆವು. ಮೊದಲು ಮೀನಿನ ಬುಟ್ಟಿ ಹೊತ್ತೆವು, ಆಮೇಲೆ ಬೋಟು ಹತ್ತಿದೆವು.

ನೀರು ನಮಗೆ ಹೊಸತಲ್ಲ, ಇಷ್ಟು ನೀರು ಹೊಸತು. ಊರಲ್ಲಿ ನಮ್ಮ ಕೆಲಸ ಧಣಿಗಳ ಬೋರಿನ ಮೋಟ್ರು ಎತ್ತುವುದು, ಇಳಿಸುವುದು. ನಾನೂರು-ಐನೂರು ಅಡಿಯ ಪೈಪು ಒಂದೊಂದಾಗಿ ಬಿಚ್ಚಿ ಮೋಟ್ರು ಮೇಲೆ ತರುವಾಗ ಹಗ್ಗ ಹಿಡಿಯುವ ಕೈ ಯಾವಾಗಲೂ ನಮ್ಮದೇ. ನಮ್ಮಲ್ಲಿ ಹಿರಿಯವನು ಕುಷ್ಟಗಿಯ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಎರಡು ವರ್ಷ ಕಸ ಹೊಡೆದವನು. ಕಸ ಹೊಡೆಯುತ್ತಲೇ ತಾಮ್ರದ ತಂತಿ ಸುತ್ತುವುದನ್ನು, ಬಲ್ಬು ಹಚ್ಚಿ ವೈರು ಪರೀಕ್ಷೆ ಮಾಡುವುದನ್ನು ಕಣ್ಣಲ್ಲೇ ಕಲಿತವನು. ಅಂಗಡಿಯವ ಅವನ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟವನಲ್ಲ. ಕಣ್ಣಿಗೆ ಬೀಗ ಹಾಕಲು ಆಗುವುದಿಲ್ಲವಲ್ಲ.

ಊರಲ್ಲಿ ಇಡೀ ದಿನ ನೀರು ಮೇಲೆ ತರುವ ಪಂಪಿನ ಚಿಂತೆ. ಇಲ್ಲಿ ನೀರು ಹೊರಗೆ ಚೆಲ್ಲುವ ಪಂಪಿನ ಚಿಂತೆ. ಇದನ್ನು ಹೇಳಿಕೊಂಡು ನಾವು ಬೋಟಿನ ಮೇಲೆ ಎಷ್ಟು ಸಲ ನಕ್ಕಿದ್ದೇವೋ.

ಒಂದು ಬೋಟಿನೊಳಗೆ ನೀರು ಬರುವ ದಾರಿಗಳು ಬಹಳ. ಇಂಜಿನ್ನಿನಿಂದ ಹಿಂದಿನ ಪಂಖಕ್ಕೆ ಹೋಗುವ ಶಾಫ್ಟು ಬೋಟಿನ ತಳ ದಾಟಿ ಹೊರಗೆ ಹೋಗುತ್ತದೆ. ಅಲ್ಲೊಂದು ಗ್ಲ್ಯಾಂಡು, ಅದರೊಳಗೆ ಗ್ರೀಸು ತುಂಬಿದ ಹಗ್ಗ. ಅದರಿಂದ ಹನಿ ಹನಿಯಾಗಿ ನೀರು ತೊಟ್ಟಿಕ್ಕಲೇಬೇಕು. ಪೂರ್ತಿ ಬಿಗಿ ಮಾಡಿದರೆ ಶಾಫ್ಟು ಕಾದು ಕೆಡುತ್ತದೆ. ಐಸಿನ ಕೋಣೆಯಿಂದ ನೀರು ಇಳಿಯುತ್ತದೆ. ತೆರೆ ಎದ್ದರೆ ಮೇಲಿನ ಹಲಗೆಯಿಂದಲೂ ಸೋರುತ್ತದೆ. ಮರದ ಬೋಟಾದರೆ ಹಲಗೆಗಳ ಸಂದಿಯೂ ಸೇರಿತು. ಇದೆಲ್ಲ ತಳದ ಒಂದು ಗುಣಿಗೆ ಬಂದು ನಿಲ್ಲುತ್ತದೆ, ಪಂಪು ಎತ್ತಿ ಹೊರಗೆ ಹಾಕುತ್ತದೆ.

ದೊಡ್ಡ ಹಡಗುಗಳ ಸಂಗತಿ ಬೇರೆ. ಅವು ಬೇಕೆಂದೇ ನೀರು ಕುಡಿಯುತ್ತವೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವ ತನಕ ಪಣಂಬೂರಿನ ಬಂದರಿಗೆ ಅದಿರು ತುಂಬಿಕೊಳ್ಳಲು ಹಡಗುಗಳು ಬರುತ್ತಿದ್ದವು. ಖಾಲಿ ಹಡಗು ಕಡಲಲ್ಲಿ ಹೊಯ್ದಾಡುತ್ತದೆ ಅಂತ ಹೊಟ್ಟೆಗೆ ಕಡಲ ನೀರನ್ನೇ ತುಂಬಿಕೊಂಡು ಬಂದು, ಸರಕು ಹೇರುವಾಗ ಆ ನೀರನ್ನು ಪಂಪಿನಿಂದ ಹೊರಗೆ ಹಾಕುವುದು ಹಡಗುಗಳ ಪದ್ಧತಿ. ಒಂದು ದೇಶದ ಕಡಲಿನ ಹುಳುಹುಪ್ಪಟೆ ಇನ್ನೊಂದು ದೇಶದ ಕಡಲಿಗೆ ಸೇರಿ ಹಾಳು ಮಾಡುತ್ತದೆ ಅಂತ 2004ರಲ್ಲಿ ಲೋಕದ ದೇಶಗಳು ಕೂತು ಒಂದು ಒಪ್ಪಂದ ಬರೆದವು. ಅದು ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ನೀರಿಗೂ ಊರು-ಪರಊರು ಇರುತ್ತದೆ ಅಂತ ಆಗ ಗೊತ್ತಾಯಿತು. ನಮ್ಮ ಬೋಟಿಗೆ ಅಂಥ ಏರ್ಪಾಟಿಲ್ಲ. ಹೋಗುವಾಗ ಐಸು, ಡೀಸೆಲ್ಲು, ಕುಡಿಯುವ ನೀರೇ ಅದರ ತೂಕ, ಬರುವಾಗ ಮೀನು. ಈ ತೂಕದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಬೋಟಿನಲ್ಲಿ ಪಂಪು ಎರಡು. ಒಂದು ಇಂಜಿನ್ನಿಗೆ ಬೆಲ್ಟು ಹಾಕಿ ತಿರುಗಿಸುವಂಥದ್ದು. ಇಂಜಿನ್ ಓಡುತ್ತಿರುವ ತನಕ ಅದಕ್ಕೆ ಬಲ. ಇನ್ನೊಂದು ತಳದ ಗುಣಿಯಲ್ಲೇ ಕೂತಿರುವ ಬ್ಯಾಟರಿಯ ಸಣ್ಣ ಪಂಪು. ಅದರ ಪಕ್ಕದಲ್ಲಿ ತೇಲುವ ಸ್ವಿಚ್ಚು. ನೀರು ಏರಿದರೆ ಸ್ವಿಚ್ಚು ತೇಲಿ ಪಂಪು ಶುರು, ಇಳಿದರೆ ಬಂದ್. ಇಂಜಿನ್ ನಿಲ್ಲಿಸಿ ಲಂಗರು ಹಾಕಿ ಮಲಗಿದ ಹೊತ್ತಿನಲ್ಲಿ ಒಂಬತ್ತು ಜನರ ಜೀವ ಕಾಯುವುದು ಈ ಸಣ್ಣದೇ.

ಆ ಗುಣಿಗೆ ಇಳಿಯುವವರು ಯಾರು? ನಾವು. ಯಾರೂ ಹಾಗಂತ ಹೇಳಲಿಲ್ಲ. ಬೋಟು ಹತ್ತಿದ ದಿನ ಯಾವೂರು ಅಂತ ಕೇಳಿದರು, ಹೇಳಿದೆವು. ಎರಡನೇ ದಿನ ಯಾವ ಜನ ಅಂತ ಕೇಳಿದರು, ಅದನ್ನೂ ಹೇಳಿದೆವು. ಮೂರನೇ ದಿನದಿಂದ ಜಾಲರಿಗೆ ಕಸ ಸಿಕ್ಕಿದಾಗ, ಗುಣಿ ನಾತ ಹೊಡೆದಾಗ ಕೆಲಸ ತಾನೇ ನಮ್ಮನ್ನು ಹುಡುಕಿಕೊಂಡು ಬಂತು. ಇಷ್ಟು ಹೇಳಿ ಇನ್ನೊಂದು ಹೇಳದಿದ್ದರೆ ತಪ್ಪಾಗುತ್ತದೆ: ಬೋಟಿನ ಮೇಲೆ ಅನ್ನ ಒಂದೇ ಪಾತ್ರೆಯದು, ಮೀನಿನ ಸಾರು ಒಂದೇ, ಕುಡಿಯುವ ನೀರಿನ ಚೊಂಬೂ ಒಂದೇ. ಊರಲ್ಲಿ ನಮ್ಮ ತಾಯಂದಿರು ಬಾವಿಯ ದಂಡೆಯ ಮೇಲೆ ಕೊಡ ಇಟ್ಟು, ಯಾರಾದರೂ ಬಂದು ಹೊಯ್ಯಲಿ ಅಂತ ಕಾದವರು. ಇಲ್ಲಿ ಅದಿಲ್ಲ. ಆದರೆ ಸ್ಪ್ಯಾನರಿನ ಪೆಟ್ಟಿಗೆ ಮಾತ್ರ ನಮ್ಮದಲ್ಲ. ಗುಣಿಯಿಂದ ಕಸ ತೆಗೆಯಬಹುದು, ಪಂಪು ಬಿಚ್ಚುವ ಹಾಗಿಲ್ಲ. ಹೊಲಸು ಮುಟ್ಟುವ ಕೈ ಬೇರೆ, ಯಂತ್ರ ಮುಟ್ಟುವ ಕೈ ಬೇರೆ.

ಗುಣಿಯಲ್ಲಿ ಸಾವೂ ಇದೆ. ಮೀನು ಕೊಳೆತರೆ ಕೆಟ್ಟ ಮೊಟ್ಟೆಯ ನಾತ ಬರುವ ಗಾಳಿ ಹುಟ್ಟುತ್ತದೆ, ಹೈಡ್ರೋಜನ್ ಸಲ್ಫೈಡ್ ಅಂತ ಅದರ ಹೆಸರು. ಅದು ನಾವು ಉಸಿರಾಡುವ ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತದೆ. ಸ್ವಲ್ಪ ಇದ್ದರೆ ನಾತ ಬರುತ್ತದೆ. ಹೆಚ್ಚಾದರೆ ಮೊದಲು ಮೂಗು ಸಾಯುತ್ತದೆ, ನಾತವೇ ತಿಳಿಯುವುದಿಲ್ಲ, ಆಮೇಲೆ ಮನುಷ್ಯ. 2021ರ ಏಪ್ರಿಲಿನಲ್ಲಿ ಮಂಗಳೂರಿನ ಹತ್ತಿರ ಒಂದು ಮೀನಿನ ಕಾರ್ಖಾನೆಯ ತ್ಯಾಜ್ಯದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ 5 ಮಂದಿ ಸತ್ತರು. ಒಬ್ಬ ಬಿದ್ದ, ಎತ್ತಲು ಹೋದವರೂ ಬಿದ್ದರು. ಆ ಸುದ್ದಿ ಕೇಳಿದ ಮೇಲೆ ನಾವೇ ಒಂದು ಕಾನೂನು ಮಾಡಿಕೊಂಡೆವು: ಮುಚ್ಚಳ ತೆಗೆದು ಅರ್ಧ ತಾಸು ಗಾಳಿ ಆಡಬೇಕು, ಇಳಿಯುವವನ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಇಬ್ಬರು ಹಗ್ಗ ಹಿಡಿದಿರಬೇಕು, ಕೆಳಗಿನವ ಬಿದ್ದರೆ ಎಳೆಯಬೇಕೇ ಹೊರತು ಯಾರೂ ಇಳಿಯಬಾರದು. ಸರ್ಕಾರದ 2013ರ ಕಾಯ್ದೆಯಲ್ಲಿ ಒಳಚರಂಡಿ, ಶೌಚದ ಗುಂಡಿಗಳ ಮಾತಿದೆ. ಬೋಟಿನ ಹೊಟ್ಟೆಯ ಮಾತಿಲ್ಲ.

ಇನ್ನು ಆ ಪಂಪಿನ ಕಥೆ.

2022ರ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದವು. ಆಗಸ್ಟಿನ ಎರಡನೇ ಟ್ರಿಪ್ಪಿನಲ್ಲೇ ಸಣ್ಣ ಪಂಪಿನ ಫ್ಯೂಸು ಹೋಗಲು ಶುರುವಾಯಿತು. ಹೊಸ ಫ್ಯೂಸು ಹಾಕಿದರೆ ಒಂದು ದಿನ, ಮತ್ತೆ ಹೋಯಿತು. ದಡಕ್ಕೆ ಬಂದಾಗ ಬೋಟಿನ ಓನರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವರು ಗುಣಿಗೆ ಇಳಿಯಲಿಲ್ಲ. ಮೇಲಿನಿಂದಲೇ ಟಾರ್ಚು ಬಿಟ್ಟು ನೋಡಿ 'ಪಂಪು ಹೋಗಿದೆ, ಹೊಸತು ಹಾಕುವ' ಅಂದರು. ನಾವು ಇಳಿದು ಹಳೆಯದನ್ನು ಕಿತ್ತು ಕೊಟ್ಟೆವು, ಹೊಸತನ್ನು ಕೂರಿಸಿದೆವು. ಮೇಲಿನಿಂದ 'ಹಾಗೆ, ಹೀಗೆ' ಅಂತ ಹೇಳಿದರು. ಹಳೇ ಪೈಪಿಗೆ ಹೊಸ ಪಂಪಿನ ಬಾಯಿ ಕೂಡಲಿಲ್ಲ. ಹೊಸ ಪೈಪು ತಂದು, ಬೋಟಿನ ಪಕ್ಕೆಯಲ್ಲಿ ಉಪಯೋಗವಿಲ್ಲದೆ ಮುಚ್ಚಿದ್ದ ಇನ್ನೊಂದು ತೂತಿಗೆ ಕೊಟ್ಟು ಕ್ಲಾಂಪು ಬಿಗಿದರು. ಫ್ಯೂಸಿನ ಜಾಗಕ್ಕೆ ಏನೋ ಸಿಕ್ಕಿಸಿದರು. ಸ್ವಿಚ್ಚು ಒತ್ತಿದರೆ ಬೋಟಿನ ಪಕ್ಕೆಯಿಂದ ನೀರು ಭರ್ರಂತ ಹಾರಿತು. ಎಲ್ಲರಿಗೂ ಸಂತೋಷ. ದುಡ್ಡು ತೆಗೆದುಕೊಂಡು ಹೋದರು.

ಸೆಪ್ಟೆಂಬರಿನ ಆ ಟ್ರಿಪ್ಪಿನಲ್ಲಿ ಮೂರು ದಿನ, ಮೂರು ರಾತ್ರಿ ಬಲೆ ಎಳೆದೆವು. ಇಂಜಿನ್ ನಿಲ್ಲಲಿಲ್ಲ. ನಾಲ್ಕನೇ ರಾತ್ರಿ ಕಾರವಾರದ ನೇರಕ್ಕೆ, ದಡದ ದೀಪ ಕಾಣದಷ್ಟು ದೂರದಲ್ಲಿ ಲಂಗರು ಹಾಕಿ ಮಲಗಿದೆವು. ನಮ್ಮ ಜಾಗ ಇಂಜಿನ್ ಕೋಣೆಯ ಮುಚ್ಚಳದ ಮಗ್ಗುಲಲ್ಲಿ. ಅಲ್ಲಿ ಸೆಕೆ, ಆದರೆ ಪಂಪಿನ ಸದ್ದು ಕೇಳಿಸುತ್ತದೆ. ಗುಂಯ್ ಅಂತ ಶುರುವಾಯಿತು, ನಿಂತಿತು. ಐದು ನಿಮಿಷಕ್ಕೆ ಮತ್ತೆ ಗುಂಯ್. ಮತ್ತೆ ನಿಂತಿತು. ಮತ್ತೆ. ಊರಲ್ಲಿ ರಾತ್ರಿ ಕರೆಂಟಿಗೆ ಕಾದು ಮೋಟ್ರು ಸದ್ದಿಗೆ ಎಚ್ಚರಾಗಿ ರೂಢಿಯಾದ ಕಿವಿ ನಮ್ಮದು. ನಮ್ಮಲ್ಲಿ ಹಿರಿಯವನು ಎದ್ದು ಕೂತ. 'ಲೇ, ಇಷ್ಟು ಸಲ ಯಾಕ ಹೊಡಿಯಾಕತ್ತೈತಿ ಇದು? ಐಸು ಹಿಂಗ ಕರಗಂಗಿಲ್ಲ' ಅಂದ. ದಣಿದಿದ್ದೆವು. ಹೊಡೆಯಲಿ ಬಿಡು, ಹೊರಗೇ ಹಾಕುತ್ತಿದೆಯಲ್ಲ ಅಂತ ಮಲಗಿದೆವು. ಆ ತಪ್ಪು ನಮ್ಮದು.

ಮೂರು ಗಂಟೆ ಹೊತ್ತಿಗೆ ಎಚ್ಚರಾದದ್ದು ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ. ಮುಚ್ಚಳ ತೆಗೆದರೆ ನೀರು ಇಂಜಿನ್ನಿನ ಕಾಲಿನ ಹತ್ತಿರ ಇತ್ತು. ಬೆರಳು ಅದ್ದಿ ನಾಲಗೆಗೆ ಹಚ್ಚಿದೆವು. ಉಪ್ಪು, ಬರೀ ಉಪ್ಪು. ಕೂಗಿದೆವು. ತಂಡೇಲರು ಎದ್ದು ಬಂದು ಇಂಜಿನ್ ಶುರು ಮಾಡಲು ಕೀ ತಿರುವಿದರು. ಟಕ್ ಅಂತು, ಅಷ್ಟೆ. ರಾತ್ರಿಯಿಡೀ ಪಂಪು ಬ್ಯಾಟರಿಯ ರಕ್ತ ಹೀರಿತ್ತು. ಬ್ಯಾಟರಿ ಇಲ್ಲದೆ ಇಂಜಿನ್ ಇಲ್ಲ, ಇಂಜಿನ್ ಇಲ್ಲದೆ ಬೆಲ್ಟಿನ ಪಂಪಿಲ್ಲ. ವೈರ್‌ಲೆಸ್ಸಿಗೆ ಬೇರೆ ಸಣ್ಣ ಬ್ಯಾಟರಿ ಇದ್ದದ್ದು ಪುಣ್ಯ. ಸುತ್ತ ಇದ್ದ ಬೋಟುಗಳಿಗೆ ಕೂಗಿದರು. ಒಂದು ಬೋಟು ಬರುತ್ತೇವೆ ಅಂತು, ಬರಲು ಎರಡು ತಾಸು.

ಬಕೆಟ್ ಸಾಲು ಹಿಡಿದೆವು. ಆ ಎರಡು ತಾಸಿನಲ್ಲಿ ಯಾರ ಕೈಯಿಂದ ಯಾರ ಕೈಗೆ ಬಕೆಟ್ ಹೋಯಿತು ಅಂತ ಯಾರೂ ನೋಡಲಿಲ್ಲ. ಯಾರೂ ಮಾತೂ ಆಡಲಿಲ್ಲ. ಎಲ್ಲರ ತಲೆಯಲ್ಲೂ ಒಂದೇ ಹೆಸರಿತ್ತು, ಮಲ್ಪೆಯಲ್ಲಿ ಅದನ್ನು ಕಡಲಿನ ಮೇಲೆ ಬಾಯಿಬಿಟ್ಟು ಹೇಳುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಿಟ್ಟ 'ಸುವರ್ಣ ತ್ರಿಭುಜ' ಬೋಟು 7 ಮಂದಿಯೊಡನೆ ಕಾಣೆಯಾಯಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣದ ಕಡೆ ಕಡಲಿನ ತಳದಲ್ಲಿ ಅದರ ಅವಶೇಷ ಕಂಡಿತು. ಬೋಟು ಕಂಡಿತು, ಜನ ಮರಳಲಿಲ್ಲ.

ಎಷ್ಟು ಎತ್ತಿ ಹಾಕಿದರೂ ನೀರು ಇಳಿಯಲಿಲ್ಲ. ಆಗ ನಮ್ಮಲ್ಲಿ ಹಿರಿಯವನು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದ. ಎದೆಮಟ್ಟದ ನೀರಿನಲ್ಲಿ ಮುಳುಗಿ ಶಾಫ್ಟಿನ ಗ್ಲ್ಯಾಂಡು ತಡವಿದ, ಅಲ್ಲಿ ಹನಿಯಷ್ಟೇ. ಹಲಗೆಗಳ ಮೇಲೆ ಕೈಯಾಡಿಸಿದ. ಆಮೇಲೆ ಪಂಪಿನ ಬಾಯಿಗೆ ಅಂಗೈ ಇಟ್ಟ. ಹೀರಬೇಕಾದ ಬಾಯಿ ಉಗುಳುತ್ತಿತ್ತು. ಕೆಳಗಿನಿಂದ ಕೂಗಿದ: 'ಪಂಪಿನಾಗಿಂದನ ಒಳಗ ಬರಾಕತ್ತೈತ್ರೀ ನೀರು!'

ತಂಡೇಲರಿಗೆ ನಂಬಿಕೆ ಬರಲಿಲ್ಲ. 'ಎಂತ ಹೇಳುದು ನೀನು? ಪಂಪಿನಿಂದ ನೀರು ಹೊರಗೆ ಹೋಗುದು ಮಾರಾಯ.'

ಹೊರಗೆ ಹೋಗುವ ದಾರಿಯಲ್ಲೇ ಒಳಗೆ ಬರಬಹುದು. ಡ್ರಮ್ಮಿನಿಂದ ಡೀಸೆಲ್ ಇಳಿಸಿದವರಿಗೆ ಇದು ಗೊತ್ತು. ಪೈಪಿನ ಒಂದು ತುದಿ ಡ್ರಮ್ಮಿನಲ್ಲಿಟ್ಟು ಇನ್ನೊಂದು ತುದಿ ಬಾಯಲ್ಲಿ ಒಮ್ಮೆ ಎಳೆದು ಕೆಳಗೆ ಬಿಟ್ಟರೆ ಸಾಕು, ಆಮೇಲೆ ಯಾರೂ ಎಳೆಯಬೇಕಾಗಿಲ್ಲ. ಇಲ್ಲೂ ಅದೇ. ಪಂಪು ಒಮ್ಮೆ ಹೊಡೆದು ಪೈಪು ತುಂಬಿಸಿ ನಿಂತಿತು. ಪೈಪಿನ ಹೊರಗಿನ ಬಾಯಿ ಕಡಲಿನೊಳಗೆ ಮುಳುಗಿದೆ, ಒಳಗಿನ ಬಾಯಿ ಅದಕ್ಕಿಂತ ಕೆಳಗೆ ಗುಣಿಯಲ್ಲಿದೆ. ಕಡಲೇ ಡ್ರಮ್ಮು, ಬೋಟೇ ಡಬ್ಬಿ. ಹಿರಿಯವನು ಪೈಪನ್ನು ಎರಡಾಗಿ ಮಡಚಿ ಬಲೆಯ ದಾರದಿಂದ ಬಿಗಿದು ಕಟ್ಟಿದ. ಪಂಪಿನ ವೈರು ಕಿತ್ತು ಹಾಕಿದ. ಹತ್ತು ನಿಮಿಷದಲ್ಲಿ ಬಕೆಟ್ಟಿಗೆ ನೀರು ಸೋಲತೊಡಗಿತು. ಬೆಳಕಾಗುವ ಹೊತ್ತಿಗೆ ಇನ್ನೊಂದು ಬೋಟು ಬಂತು, ಅವರ ಬ್ಯಾಟರಿಯಿಂದ ನಮ್ಮ ಇಂಜಿನ್ ಎದ್ದಿತು.

ದಡಕ್ಕೆ ಬಂದ ಮೇಲೆ ಇನ್ನೊಂದು ನೀರು ಏರಿತು. ಸಣ್ಣ ಪಂಪು ಸುಟ್ಟಿತ್ತು. ಎಲೆಕ್ಟ್ರಿಷಿಯನ್ ಬಂದು ಮೂಸಿ ನೋಡಿ 'ಇದು ಪೈಪು ಕಟ್ಟಿದ್ದಕ್ಕೆ ಸುಟ್ಟದ್ದು. ನೀರಿಗೆ ಹೋಗ್ಲಿಕ್ಕೆ ಜಾಗ ಇಲ್ಲದಿದ್ರೆ ಮೋಟ್ರು ಎಂತ ಮಾಡ್ಬೇಕು?' ಅಂದರು. ಓನರು ನಮ್ಮ ಕಡೆ ತಿರುಗಿದರು. 'ನಿಮಗೆ ಅದನ್ನು ಮುಟ್ಲಿಕ್ಕೆ ಯಾರು ಹೇಳಿದ್ದು?'

ಮುಟ್ಟಿದ್ದು ತಪ್ಪು. ಈ ಮಾತು ನಮಗೆ ಹೊಸತಲ್ಲ. ಕುಷ್ಟಗಿಯಲ್ಲೂ ಕೇಳಿದ್ದೇವೆ, ಮಲ್ಪೆಯಲ್ಲೂ ಕೇಳಿದೆವು. ಪಂಪಿನ ದುಡ್ಡು ನಮ್ಮ ಮೂವರ ಸಂಬಳದಲ್ಲಿ ಹಿಡಿಯುವುದಂತ ಬುಕ್ಕಿನಲ್ಲಿ ಬರೆದರು. ಮೀನಿನಲ್ಲಿ ಪಾಲು ಇದ್ದವರಿಗೆ ಪಾಲು; ನಮ್ಮದು ತಿಂಗಳ ಸಂಬಳ, ಹಿಡಿಯುವುದು ಸುಲಭ. ತಂಡೇಲರು ಸುಮ್ಮನೆ ನಿಂತಿದ್ದರು. ಆ ರಾತ್ರಿ ನಮ್ಮ ಜೊತೆ ಬಕೆಟ್ ಹಿಡಿದ ಮನುಷ್ಯ.

ನಾವು ಬಿಟ್ಟುಹೋಗಬಹುದಿತ್ತು. ಬಸ್ಸು ಇತ್ತು. ಹಿರಿಯವನೇ ಬೇಡ ಅಂದ. 'ಹೋದ್ರ ತಪ್ಪು ನಮ್ದ ಆಗ್ತೈತಿ. ಬಿಚ್ಚಿ ತೋರಸೂನು' ಅಂದ. ಸುಟ್ಟ ಪಂಪು ಬಿಸಾಕಬೇಡಿ ಅಂತ ಓನರನ್ನು ಕೇಳಿಕೊಂಡೆವು. ಸುಟ್ಟದ್ದು ತಾನೆ, ತಗೊಳ್ಳಿ ಅಂದರು.

ಜಾಲರಿ ಬಿಚ್ಚಿದೆವು. ಒಳಗಿನ ಫ್ಯಾನಿನ ಬುಡಕ್ಕೆ ಬಲೆಯ ನೈಲಾನ್ ದಾರ ಸುತ್ತಿ ಸುತ್ತಿ ಗಟ್ಟಿಯಾಗಿ, ಬೆರಳಲ್ಲಿ ತಿರುಗಿಸಿದರೆ ಅಲುಗಲಿಲ್ಲ. ನಾವು ಪೈಪು ಕಟ್ಟುವಾಗ ಬ್ಯಾಟರಿ ಆಗಲೇ ಸತ್ತಿತ್ತು, ವೈರೂ ಕಿತ್ತಿದ್ದೆವು. ಆಮೇಲೆ ಸುಡಲು ಕರೆಂಟೆಲ್ಲಿ? ಫ್ಯಾನು ಸಿಕ್ಕಿಬಿದ್ದ ಮೋಟ್ರು ತಿರುಗಲಾರದೆ ಕರೆಂಟು ಎಳೆಯುತ್ತದೆ, ಆಗ ಫ್ಯೂಸು ಸಾಯಬೇಕು, ಮೋಟ್ರು ಉಳಿಯಬೇಕು. ಫ್ಯೂಸಿನ ಡಬ್ಬಿ ತೆಗೆದು ನೋಡಿದೆವು. ಅಲ್ಲಿದ್ದದ್ದು ಫ್ಯೂಸಲ್ಲ, ಮೂರೆಳೆ ತಾಮ್ರದ ತಂತಿ. ಹಳೇ ಪಂಪಿನ ಫ್ಯೂಸು ಯಾಕೆ ಹೋಗುತ್ತಿತ್ತು ಅಂತ ಆಗ ಹೊಳೆಯಿತು. ಹಳೆಯದನ್ನು ಗುಜರಿಗೆ ಹಾಕಿರಲಿಲ್ಲ, ಅದನ್ನೂ ಬಿಚ್ಚಿದೆವು: ಅದೇ ದಾರ. ದಾರ ಬಿಡಿಸಿ ಬ್ಯಾಟರಿಗೆ ಹಿಡಿದರೆ ಹಳೇ ಪಂಪು ಗುಂಯ್ ಅಂತು! ಸತ್ತಿದೆ ಅಂತ ಬಿಸಾಕಿದ್ದು ಬದುಕಿತ್ತು.

ಆಮೇಲೆ ವೈರು. ಲಾರಿಯ ಹೆಡ್‌ಲೈಟಿನ 24 ವೋಲ್ಟಿನ ಬಲ್ಬಿಗೆ ಎರಡು ವೈರು ಕಟ್ಟಿದೆವು. ಸಣ್ಣ ಬಲ್ಬು ಹಿಡಿದರೆ ಅದು ಸುಳ್ಳು ಹೇಳುತ್ತದೆ, ಕೆಟ್ಟ ವೈರಿನಲ್ಲೂ ಉರಿಯುತ್ತದೆ. ಹೆಡ್‌ಲೈಟಿನ ಬಲ್ಬಿಗೆ ಹಸಿವು ಜಾಸ್ತಿ, ಅದಕ್ಕೆ ನಿಜ ಹೇಳುತ್ತದೆ. ರಿವೈಂಡಿಂಗ್ ಅಂಗಡಿಯ ಕಸದ ಬುಟ್ಟಿಯ ಪಕ್ಕ ನಿಂತು ಕಲಿತದ್ದು ಇದು. ಬ್ಯಾಟರಿಯ ಹತ್ತಿರ ಕಣ್ಣು ಕುಕ್ಕುವ ಹಾಗೆ ಉರಿಯಿತು. ಸ್ವಿಚ್ಚಿನ ಹತ್ತಿರವೂ ಸರಿ. ಪಂಪಿನ ವೈರಿನ ತುದಿಯಲ್ಲಿ ಮಾತ್ರ ಬೆಂಕಿಕಡ್ಡಿ ಆರಿದ ಮೇಲಿನ ಕೆಂಡದಷ್ಟು. ನಡುವೆ ಒಂದು ಕಡೆ ಟೇಪು ಸುತ್ತಿದ ಜೋಡಣೆ, ನೀರು ಮುಟ್ಟುವ ಜಾಗದಲ್ಲಿ. ಟೇಪು ಬಿಚ್ಚಿದರೆ ತಾಮ್ರ ಹಸಿರು ಹಿಟ್ಟಾಗಿತ್ತು.

ಇದನ್ನೆಲ್ಲ ತಂಡೇಲರಿಗೆ ತೋರಿಸಿದೆವು. 'ಅದೆಲ್ಲ ಸರಿ. ನೀರು ಒಳಗೆ ಬಂದದ್ದು? ದಡದಲ್ಲಿ ನೋಡುವಾಗ ತೂತು ನೀರಿನಿಂದ ಒಂದು ಗೇಣು ಮೇಲೆ ಉಂಟಲ್ಲ' ಅಂದರು. ಇತ್ತು. ಅಲ್ಲೇ ಇದ್ದದ್ದು ಮರ್ಮ. ಒಂದು ಡಬ್ಬಿ ಬಿಳಿ ಪೇಂಟು ತಂದು ಆ ತೂತಿನ ಸುತ್ತ ಎದ್ದು ಕಾಣುವ ಹಾಗೆ ಬಳೆ ಬರೆದೆವು. ಎರಡು ದಿನ ಬಿಟ್ಟು ಮುಂದಿನ ಟ್ರಿಪ್ಪಿಗೆ ಡೀಸೆಲ್ ತುಂಬಿಸಿದರು, ಬಿಳಿ ಬಳೆ ಇಳಿಯಿತು. ಪುಡಿ ಮಾಡಿದ ಐಸು ಟನ್ನುಗಟ್ಟಲೆ ಕೋಣೆಗೆ ಸುರಿಯಿತು, ಬಳೆಯ ಕೆಳಗಿನ ಅಂಚಿಗೆ ನೀರು ತಾಗಿತು. ಕುಡಿಯುವ ನೀರು, ಬಲೆ, ಅಕ್ಕಿ, ಗ್ಯಾಸು ಏರಿದ ಮೇಲೆ ನೋಡಿದರೆ ಬಳೆ ಇಲ್ಲ. ನಾಲ್ಕು ಬೆರಳು ನೀರಿನ ಕೆಳಗೆ ಬೆಳ್ಳಗೆ ನಡುಗುತ್ತಿತ್ತು. ಡೀಸೆಲ್ ಬಿಲ್ಲು ನೋಡಲು ಬಂದಿದ್ದ ಓನರನ್ನು ತಂಡೇಲರೇ ಕರೆದು ದಂಡೆಯಿಂದ ತೋರಿಸಿದರು. ಬೋಟನ್ನು ಖಾಲಿಯಾಗಿದ್ದಾಗ ನೋಡಿದವರು ತೂತು ಆರಿಸಿದ್ದರು. ತುಂಬಿದ ಬೋಟಿನ ಹೊಟ್ಟೆ ಎಲ್ಲಿಗೆ ಬರುತ್ತದೆ ಅಂತ ಅವರು ನೋಡಿದವರಲ್ಲ. ಓನರು ಬಗ್ಗಿ ನೋಡಿ 'ಹೌದಲ್ಲ' ಅಂದರು. ಅಷ್ಟರಲ್ಲಿ ಅವರಿಗೆ ಫೋನು ಬಂತು.

ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಲಿಲ್ಲ. 'ನೀವೇ ಮಾಡಿ' ಅಂದರು. ಆ ಕೆಲಸಕ್ಕೆ ಕೂಲಿ ಎಷ್ಟು ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಬೇಕಿತ್ತು.

ಬೋಟು ಒಂದು ದಿನ ತಡವಾಗಿ ಹೊರಟಿತು. ಸ್ಪ್ಯಾನರ್ ಪೆಟ್ಟಿಗೆ ತಂಡೇಲರು ತಂದಿಟ್ಟು ಪಕ್ಕದಲ್ಲೇ ಕೂತರು. ಹೊಸ ಪಂಪನ್ನು ಗುಣಿಯ ತಳಕ್ಕೆ ತಾಗದ ಹಾಗೆ ಎರಡು ಬೆರಳಿನ ಮರದ ತುಂಡಿನ ಮೇಲೆ ಕೂರಿಸಿದೆವು. ಸುತ್ತಲೂ ತೂತು ಹೊಡೆದ ಒಂದು ಪ್ಲಾಸ್ಟಿಕ್ ಬುಟ್ಟಿ ಮುಚ್ಚಿದೆವು, ದಾರ ಅಲ್ಲೇ ನಿಲ್ಲಲಿ ಅಂತ. ದಪ್ಪ ವೈರು ಎಳೆದು ಜೋಡಣೆಯನ್ನು ನೀರು ಮುಟ್ಟದಷ್ಟು ಮೇಲೆ ಬೆಸುಗೆ ಹಾಕಿ ಗ್ರೀಸು ಮೆತ್ತಿ ಮುಚ್ಚಿದೆವು. ಪಂಪಿನ ಮೈಮೇಲೆ ಎಷ್ಟು ಬರೆದಿತ್ತೋ ಅಷ್ಟೇ ಅಳತೆಯ ಫ್ಯೂಸು. ಪೈಪನ್ನು ಮೇಲಿನ ಹಲಗೆಯ ಅಡಿಯವರೆಗೆ ಏರಿಸಿ, ಅಲ್ಲಿ ಬಾಗಿಸಿ, ತುಂಬಿದ ಬೋಟಿಗೂ ನೀರಿನಿಂದ ಎರಡು ಗೇಣು ಮೇಲಿರುವ ಹೊಸ ತೂತಿಗೆ ಕೊಟ್ಟೆವು. ಹಳೇ ತೂತು ಮುಚ್ಚಿದೆವು.

ಮೊದಲು ನಮ್ಮ ತಲೆಗೆ ಬಂದದ್ದು ಫುಟ್‌ವಾಲು. ಊರಿನ ಬಾವಿಯ ಪಂಪಿಗೆ ಅದಿಲ್ಲದಿದ್ದರೆ ಪೈಪಿನ ನೀರು ವಾಪಸು ಬಾವಿಗೆ ಬೀಳುತ್ತದೆ. ಅಂಥದ್ದೇ, ಒಂದೇ ಕಡೆ ತೆರೆಯುವ ಕವಾಟ ತಂದು ಪೈಪಿಗೆ ಹಾಕಿ ನೋಡಿದೆವು. ಬೋಟಿನ ನೀರು ಬಾವಿಯ ನೀರಲ್ಲ. ಒಂದು ಮೀನಿನ ಪೊರೆ ಸಿಕ್ಕಿದರೆ ಕವಾಟ ಅರ್ಧ ತೆರೆದೇ ಉಳಿಯಿತು, ಹಿಂದೆ ಗಾಳಿ ಸೇರಿ ಪಂಪು ಎತ್ತಲೂ ಇಲ್ಲ. ಕಿತ್ತು ಹಾಕಿದೆವು. ಯಂತ್ರಕ್ಕಿಂತ ಎತ್ತರವನ್ನು ನಂಬುವುದು ಮೇಲು ಅಂತ ತಂಡೇಲರೇ ಹೇಳಿದರು.

ಕೊನೆಗೆ ಅಳತೆ. ಪಂಪಿನ ಮೇಲೆ ಗಂಟೆಗೆ 2000 ಗ್ಯಾಲನ್ ಅಂತ ಅಚ್ಚಾಗಿತ್ತು. ಅಮೆರಿಕದ ಗ್ಯಾಲನ್ನಿಗೆ ಸುಮಾರು 3.8 ಲೀಟರ್, ಅಂದರೆ ನಿಮಿಷಕ್ಕೆ 125 ಲೀಟರಿನ ಮೇಲೆ. 15 ಲೀಟರಿನ ಬಕೆಟ್ಟಿನಲ್ಲಿ 20 ಬಕೆಟ್ ನೀರು ಗುಣಿಗೆ ಸುರಿದು ಗಡಿಯಾರ ಹಿಡಿದೆವು. ಖಾಲಿಯಾಗಲು ನಾಲ್ಕು ನಿಮಿಷ. ನಿಮಿಷಕ್ಕೆ 75. ಎತ್ತರಕ್ಕೆ ಎತ್ತುವ ಪಂಪು ಡಬ್ಬಿಯ ಮೇಲೆ ಬರೆದಷ್ಟು ಎತ್ತುವುದಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಹೈಸ್ಕೂಲಿನ ವಿಜ್ಞಾನದ ಮಾಸ್ತರ್ರಿಗೆ ಇದನ್ನೆಲ್ಲ ಹೇಳಿದೆವು. ಅವರು ಸೀಮೆಸುಣ್ಣ ಹಿಡಿದು ಲೆಕ್ಕ ಹಾಕಿದರು: ಒಂದು ಇಂಚಿನ ತೂತು ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗಿದ್ದರೆ ನಿಮಿಷಕ್ಕೆ ಸುಮಾರು 80 ಲೀಟರ್ ಒಳಗೆ ಬರುತ್ತದೆ. ಪೈಪಿನ ಉದ್ದಕ್ಕೆ ಸ್ವಲ್ಪ ಕಡಿಮೆಯಾದೀತು ಅಂದರು. ಆಮೇಲೆ ನಮ್ಮನ್ನೇ ತರಗತಿಯ ಒಳಗೆ ಕರೆದು, ಎರಡು ಬಕೆಟ್, ಒಂದು ಪೈಪು ಕೊಟ್ಟು ಹುಡುಗರಿಗೆ ಮಾಡಿ ತೋರಿಸ್ರೀ ಅಂದರು. ನಮ್ಮಲ್ಲಿ ಕಿರಿಯವನು ಅದೇ ಶಾಲೆ ಬಿಟ್ಟವನು; ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಹಳ ಹೊತ್ತು ನಿಂತ.

ಹಿಡಿದ ದುಡ್ಡು ಮುಂದಿನ ಸಂಬಳದಲ್ಲಿ ವಾಪಸು ಬಂತು. ಯಾಕೆ ಅಂತ ಯಾರೂ ಹೇಳಲಿಲ್ಲ. ಬುಕ್ಕಿನಲ್ಲಿ ಬರೆದದ್ದನ್ನು ಹೊಡೆದು ಹಾಕಿದರೋ ಇಲ್ಲವೋ, ನಮಗೆ ತೋರಿಸಲಿಲ್ಲ. ಸ್ಪ್ಯಾನರ್ ಪೆಟ್ಟಿಗೆಯ ಕೀ ಈಗಲೂ ತಂಡೇಲರ ಸೊಂಟದಲ್ಲೇ ಇದೆ. ಬೇಕಾದಾಗ ಕೇಳಿದರೆ ಕೊಡುತ್ತಾರೆ. ಗುಣಿಗೆ ಇಳಿಯುವವರು ಈಗಲೂ ನಾವೇ. ಹಗ್ಗ ಹಿಡಿಯಲು ಮಾತ್ರ ಈಗ ಬೇರೆಯವರೂ ಬರುತ್ತಾರೆ.

ಹೊಸ ಪಂಪು ಕೂರಿಸಿದ ಆ ಟ್ರಿಪ್ಪಿನಲ್ಲಿ ಮೊದಲ ಸಲ ಲಂಗರು ಹಾಕಿದ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ, ಎಲ್ಲರೂ ಮಲಗಿದ ಹಾಗೆ ನಟಿಸುತ್ತಿದ್ದರು. ಪಂಪು ಗುಂಯ್ ಅಂತು, ನಿಂತಿತು. ಐದು ನಿಮಿಷವಾಯಿತು. ಹತ್ತಾಯಿತು. ತಂಡೇಲರು ಎದ್ದು ಮುಚ್ಚಳದ ಹತ್ತಿರ ಬಂದು ಕೂತರು. ನಾವು ಹಗ್ಗ ಹಿಡಿದು ಒಬ್ಬನನ್ನು ಇಳಿಸಿದೆವು. ಮೇಲಿನಿಂದ ಕೇಳಿದರು: 'ಎಂತ ರುಚಿ?'

'ಸಪ್ಪಗೈತ್ರಿ.'

'ಇನ್ನೊಮ್ಮೆ ನೋಡು.'

ಇನ್ನೊಮ್ಮೆ ನೋಡಿದ. ಸಪ್ಪಗೇ ಇತ್ತು. ಪಂಪು ಮತ್ತೆ ಶುರುವಾಗಲು ಐವತ್ತು ನಿಮಿಷ ಹಿಡಿಯಿತು.